ಪದ ಮುಗಿದ ಮೇಲೆ ಅರ್ಥ: ಕಿವಿಗೆ ಬಿದ್ದ ಹಾಡನ್ನು ತೂಗಿ ನೋಡುವ ಬಗೆ

ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಮುಂಬಯಿಗೆ ಬಂದು ಮಾಟುಂಗ, ಡೊಂಬಿವಲಿ, ಮೀರಾ ರೋಡ್ ಕಡೆಯ ಸಭಾಗೃಹಗಳಲ್ಲಿ ನಡೆಸಿಕೊಡುವ ತಾಳಮದ್ದಳೆಯ ಕ್ರಮ ಇಲ್ಲಿನ ಕನ್ನಡಿಗರಿಗೆ ಹೊಸತಲ್ಲ. ಭಾಗವತರು ಮೊದಲು ಪದ ಹೇಳುತ್ತಾರೆ. ಚೆಂಡೆ ಮದ್ದಳೆ ನಿಂತ ಮೇಲೆ ಅರ್ಥಧಾರಿ ಅದೇ ಪದವನ್ನು ಮಾತಿಗೆ ಇಳಿಸಿ ವಾದ ಹೂಡುತ್ತಾನೆ. ಎದುರಿಗೆ ಕುಳಿತ ಇನ್ನೊಬ್ಬ ಅರ್ಥಧಾರಿ ಆ ವಾದವನ್ನು ಸುಲಭಕ್ಕೆ ಒಪ್ಪದೆ ಬುಡ ಹಿಡಿದು ಅಲುಗಾಡಿಸುತ್ತಾನೆ. ಪದ ಮನಸ್ಸನ್ನು ಹದಗೊಳಿಸಿದರೆ ಮಾತು ಅದನ್ನು ಪರೀಕ್ಷೆಗೆ ಒಡ್ಡುತ್ತದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕಿವಿಗೆ ಬೀಳುವ ಉಳಿದ ಹಾಡುಗಳ ಮಟ್ಟಿಗೆ ಈ ವ್ಯವಹಾರದ ಮೊದಲರ್ಧ ಮಾತ್ರ ನಡೆಯುತ್ತದೆ. ಪದ ಒಳಗೆ ಇಳಿಯುತ್ತದೆ, ಅರ್ಥ ಹೇಳುವವರು ಯಾರೂ ಬರುವುದಿಲ್ಲ.

ಆ ಎರಡನೆಯ ಅರ್ಧವನ್ನು ನಾವೇ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಹಾಡು ಕೇಳುವುದನ್ನು ಬಿಡಿ ಎಂದು ಇಲ್ಲಿ ಹೇಳುತ್ತಿಲ್ಲ. ಹಾಡಿನಿಂದ ಹುಟ್ಟಿದ ಭಾವನೆ ಬೇರೆ, ಹಾಡು ಹೇಳಿದ ಮಾತು ನಿಜವೋ ಅಲ್ಲವೋ ಎಂಬ ತೀರ್ಮಾನ ಬೇರೆ; ಎರಡೂ ಒಟ್ಟಿಗೇ ಒಳಗೆ ಬರುವುದರಿಂದ ಒಂದನ್ನು ಇನ್ನೊಂದಕ್ಕೆ ಸಾಕ್ಷಿ ಎಂದು ನಾವು ಎಣಿಸಿಬಿಡುತ್ತೇವೆ. ಈ ಎರಡನ್ನೂ ಬಿಡಿಸಿ ನೋಡುವುದೇ ಮುಂದಿನ ಹಂತಗಳ ಕೆಲಸ.

ಮೊದಲ ಹಂತ: ಒಂದು ವಾರದ ಲೆಕ್ಕ ಬರೆಯಿರಿ

ಒಂದು ವಾರದ ಮಟ್ಟಿಗೆ ಕಿವಿಗೆ ಬಿದ್ದ ಹಾಡುಗಳನ್ನು ಮೊಬೈಲಿನಲ್ಲೋ ಸಣ್ಣ ಪುಸ್ತಕದಲ್ಲೋ ಗುರುತು ಹಾಕಿಕೊಳ್ಳಿ. ಹಾಡಿನ ಹೆಸರು ಗೊತ್ತಿಲ್ಲದಿದ್ದರೆ ಮೊದಲ ಎರಡು ಪದಗಳು ಸಾಕು. ಅದರ ಮುಂದೆ ನಾಲ್ಕು ಸಂಗತಿಗಳನ್ನು ಬರೆಯಬೇಕು: ಹಾಡನ್ನು ಹಾಕಿದವರು ಯಾರು, ಭಾಷೆ ಯಾವುದು, ಸಾಹಿತ್ಯ ಎಷ್ಟರ ಮಟ್ಟಿಗೆ ಅರ್ಥವಾಯಿತು, ಕೇಳಿ ಮುಗಿದ ಮೇಲೆ ಮನಸ್ಸು ಹೇಗಿತ್ತು.

ಠಾಣೆಯಿಂದ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನಾ ಓಡಾಡುವವರ ಪಟ್ಟಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅಮ್ಮ ಹಾಕಿದ ಕನ್ನಡ ದೇವರನಾಮ, ರಿಕ್ಷಾದಲ್ಲಿ ಹಿಂದಿ ಸಿನಿಮಾ ಹಾಡು, ಲೋಕಲ್ ಟ್ರೇನಿನ ಡಬ್ಬಿಯಲ್ಲಿ ತಾಳ ಕುಟ್ಟುತ್ತಾ ಹಾಡುವ ಭಜನಾ ಮಂಡಳಿಯವರ ಮರಾಠಿ ಅಭಂಗ, ಪಕ್ಕದ ಸೀಟಿನವರ ಮೊಬೈಲಿನಿಂದ ಹದಿನೈದು ಹದಿನೈದು ಸೆಕೆಂಡಿಗೆ ಬದಲಾಗುವ ರೀಲ್ಸ್, ಊರಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಒಂದು ತುಳು ಹಾಡು. ಪಟ್ಟಿ ಮುಗಿಯುವಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ನಾವಾಗಿ ಆರಿಸಿ ಕೇಳಿದ ಹಾಡುಗಳು ತೀರಾ ಕಡಿಮೆ. ಇನ್ನು, ಮುಂಬಯಿ ಕನ್ನಡಿಗರ ಕಿವಿ ನಾಲ್ಕೈದು ಭಾಷೆಗಳ ಹಾಡು ಕೇಳುತ್ತದಾದರೂ ಅವುಗಳಲ್ಲಿ ಹಲವು ಅರ್ಧ ಮಾತ್ರ ತಿಳಿದಿರುತ್ತವೆ. ಪಲ್ಲವಿ ಬಾಯಿಗೆ ಬರುತ್ತದೆ, ಚರಣದಲ್ಲಿ ಏನು ಹೇಳಿದೆ ಎಂಬುದು ಗೊತ್ತಿರುವುದಿಲ್ಲ. ನನ್ನ ಮಟ್ಟಿಗೆ ಪೂರ್ತಿ ಅರ್ಥವಾಗುವ ಹಾಡಿಗಿಂತಲೂ ಏನೂ ಅರ್ಥವಾಗದ ಹಾಡಿಗಿಂತಲೂ ಈ ಅರ್ಧ ಅರ್ಥವಾದ ಹಾಡಿನ ಮೇಲೆ ಹೆಚ್ಚು ಕಣ್ಣಿಡಬೇಕು, ಏಕೆಂದರೆ ಅದರಲ್ಲಿ ಘೋಷಣೆ ಮಾತ್ರ ಉಳಿದು ವಾದ ಸೋರಿಹೋಗಿರುತ್ತದೆ.

ಪದೇ ಪದೇ ಬರುವ ಹಾಡುಗಳಿಗೆ ಒಂದು ಗೆರೆ ಎಳೆದಿಡಿ. 1977ರಲ್ಲಿ ಲಿನ್ ಹ್ಯಾಷರ್ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಎರಡು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿಸಿದ ಹೇಳಿಕೆಗಳು, ಅವು ಸುಳ್ಳೇ ಆಗಿದ್ದರೂ, ಹೊಸದಾಗಿ ಕೇಳಿದ ಹೇಳಿಕೆಗಳಿಗಿಂತ ಹೆಚ್ಚು ನಿಜವೆಂದು ತೋರಿದ್ದವು. ಪುನರಾವರ್ತನೆಯೇ ಹಾಡಿನ ಕಟ್ಟು. ಪಲ್ಲವಿ ಮರಳಿ ಬರದಿದ್ದರೆ ಅದು ಹಾಡೆಂದೇ ನಮಗೆ ಅನಿಸುವುದಿಲ್ಲ. ನಾಲ್ಕು ಸಲ ಹೇಳಿದರೆ ಬೇಸರ ತರಿಸುವ ಮಾತನ್ನು ನಾಲ್ಕು ನೂರು ಸಲ ಸಂತೋಷದಿಂದ ಕೇಳುವಂತೆ ಮಾಡುವ ಸಾಧನ ಹಾಡಿನಂತೆ ಇನ್ನೊಂದಿಲ್ಲ.

ಎರಡನೆಯ ಹಂತ: ಮಾತನ್ನು ಪಕ್ಕಕ್ಕಿಟ್ಟು ನಾದ ಏನು ಮಾಡುತ್ತದೆ ನೋಡಿ

ಪಟ್ಟಿಯಿಂದ ಮನಸ್ಸನ್ನು ಹೆಚ್ಚು ಕಲಕಿದ ಒಂದು ಹಾಡನ್ನು ಆರಿಸಿಕೊಳ್ಳಿ. ಅದನ್ನು ಮೂರು ಬಗೆಯಲ್ಲಿ ಕೇಳಬೇಕು: ಎಂದಿನಂತೆ ಒಮ್ಮೆ, ಸದ್ದನ್ನು ಬಹಳ ತಗ್ಗಿಸಿ ಒಮ್ಮೆ, ಕೊನೆಗೆ ಸಾಹಿತ್ಯವಿಲ್ಲದೆ, ಎಂದರೆ ವಾದ್ಯದಲ್ಲಿ ನುಡಿಸಿದ್ದು ಸಿಕ್ಕರೆ ಅದನ್ನು, ಇಲ್ಲವಾದರೆ ನೀವೇ ಬಾಯಿ ಮುಚ್ಚಿ ಗುನುಗಿಕೊಂಡು. ಪ್ರತಿ ಸಲವೂ ಮೈ ಏನು ಹೇಳಿತು ಎಂಬುದನ್ನು ಬರೆಯಿರಿ. ಉಸಿರು ಚುರುಕಾಯಿತೇ, ಗಂಟಲು ಕಟ್ಟಿತೇ, ಕಾಲು ತಾಳ ಹಾಕಿತೇ?

ಅನಂತ ಚತುರ್ದಶಿಯ ದಿನ ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ನಿಂತವರಿಗೆ ಇದರ ಮೊದಲ ಪಾಠ ತಾನಾಗಿ ಆಗುತ್ತದೆ. ಢೋಲ್-ತಾಶಾ ಪಥಕ ಹತ್ತಿರವಾದಂತೆ ಸದ್ದು ಕಿವಿಗೆ ಕೇಳುವುದಕ್ಕೆ ಮೊದಲೇ ಪಕ್ಕೆಲುಬಿಗೆ ತಟ್ಟುತ್ತದೆ. ತಾಶಾದ ಚುರುಕು ಕಡ್ಡಿಯೇಟಿನ ಮೇಲೆ ಹತ್ತಾರು ಢೋಲುಗಳು ಒಟ್ಟಿಗೇ ಬೀಳುವಾಗ ಅಂಗಡಿಯ ಕಬ್ಬಿಣದ ಶಟರು ಕೂಡ ನಡುಗುತ್ತದೆ. ನಂಬಿಕೆ ಇರುವವರಿಗೂ ಇಲ್ಲದವರಿಗೂ ರೋಮ ನಿಲ್ಲುತ್ತದೆ. ಅಲ್ಲಿ ಸಾಹಿತ್ಯವೇ ಇಲ್ಲ. ಆ ಕ್ಷಣದಲ್ಲಿ ಯಾರಾದರೂ ಒಂದು ಘೋಷಣೆ ಕೂಗಿದರೆ ಅದು ನಮ್ಮದೇ ಒಳಗಿನಿಂದ ಬಂದಂತೆ ಅನಿಸುವುದಕ್ಕೆ ಕಾರಣ ಘೋಷಣೆಯ ತೂಕವಲ್ಲ, ಆಗಲೇ ಎದ್ದು ನಿಂತಿರುವ ಮೈ.

ಸಂಗೀತ ಹೀಗೆ ಭಾವನೆಯನ್ನು ಎಬ್ಬಿಸುವ ದಾರಿ ಒಂದೇ ಅಲ್ಲ. ಸ್ವೀಡನ್ನಿನ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಡೇನಿಯಲ್ ವೆಸ್ಟ್‌ಫ್ಯಾಲ್ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಂಥ ಆರು ದಾರಿಗಳನ್ನು ಗುರುತಿಸಿದರು. ದಿಢೀರನೆ ಬರುವ ದೊಡ್ಡ ಸದ್ದಿಗೆ ಮೈ ತಾನಾಗಿ ಬೆಚ್ಚುವುದು, ಹಾಡನ್ನು ಯಾವುದೋ ಸಂತೋಷದ ಸಂದರ್ಭದೊಂದಿಗೆ ಮತ್ತೆ ಮತ್ತೆ ಕೇಳಿ ಆ ಸಂತೋಷ ಹಾಡಿಗೇ ಅಂಟಿಕೊಳ್ಳುವುದು, ಹಾಡುವ ದನಿಯ ಅಳು ನಗು ನಮಗೂ ತಗಲುವುದು, ಕಣ್ಣಮುಂದೆ ಚಿತ್ರಗಳು ಮೂಡುವುದು, ಬದುಕಿನ ಒಂದು ನಿರ್ದಿಷ್ಟ ನೆನಪು ಏಳುವುದು, ಮುಂದಿನ ಸ್ವರ ಹೀಗೆ ಬರಬೇಕೆಂಬ ನಿರೀಕ್ಷೆ ಈಡೇರುವುದು ಅಥವಾ ತಪ್ಪುವುದು. ಈ ಆರರಲ್ಲಿ ಯಾವುದಕ್ಕೂ ಸಾಹಿತ್ಯ ನಿಜವಾಗಿರಬೇಕಾದ ಅಗತ್ಯವಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಟಿಪ್ಪಣಿಯಲ್ಲಿ ‘ಮೈ ಜುಮ್ಮೆಂದಿತು’ ಎಂದು ಬರೆದಲ್ಲೆಲ್ಲ ಪಕ್ಕದಲ್ಲಿ ಇವುಗಳಲ್ಲಿ ಯಾವುದು ಕಾರಣವೆಂದು ನಮೂದಿಸಿ. ಬಹಳ ಸಲ ಎರಡೋ ಮೂರೋ ಕಾರಣಗಳು ಕೂಡಿರುತ್ತವೆ.

ಭಾಷೆ ಬಾರದವರಿಗೂ ಸ್ವರದ ಭಾವ ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಕಡೆಯದೇ ಉದಾಹರಣೆ ಇದೆ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ಮರಾಠಿ ಅಭಂಗಗಳನ್ನೂ ಕನ್ನಡ ದಾಸರ ಪದಗಳನ್ನೂ ಹಾಡಿದರು; ಕನ್ನಡದ ಒಂದಕ್ಷರ ಬಾರದ ಮರಾಠಿ ರಸಿಕರು ದಾಸರ ಪದಕ್ಕೆ ಕಣ್ಣೊರೆಸಿಕೊಂಡದ್ದುಂಟು. ಲಾರಾ-ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಂಪ್ಸನ್ 1999ರಲ್ಲಿ ಹಿಂದೂಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ರಾಗಗಳನ್ನು ಕೇಳಿಸಿದಾಗ ಹರ್ಷ, ದುಃಖ, ಕೋಪಗಳನ್ನು ಅವರು ಗುರುತಿಸಬಲ್ಲವರಾಗಿದ್ದರು. ಶಾಂತಿಯನ್ನು ಗುರುತಿಸುವುದು ಮಾತ್ರ ಅವರಿಗೆ ಅಷ್ಟು ಸುಲಭವಾಗಲಿಲ್ಲ. ಲಯದ ವೇಗ, ಸ್ವರಸಂಚಾರದ ಸರಳತೆ ಅಥವಾ ಜಟಿಲತೆ ಅವರಿಗೆ ಸುಳಿವು ಕೊಟ್ಟಿದ್ದವು. ಒಮರ್ ಅಲಿ ಮತ್ತು ಸಹಸಂಶೋಧಕಿಯ 2006ರ ಅಧ್ಯಯನದ ಪ್ರಕಾರ ಸಾಹಿತ್ಯ ಸೇರಿದಾಗ ದುಃಖದ ಮತ್ತು ಕೋಪದ ಸಂಗೀತದ ಪರಿಣಾಮ ಹೆಚ್ಚುತ್ತದೆ, ಸಂತೋಷದ ಮತ್ತು ಶಾಂತ ಸಂಗೀತದ ಪರಿಣಾಮ ತಗ್ಗುತ್ತದೆ. ಸಂತೋಷಕ್ಕೆ ಮಾತು ಅಷ್ಟಾಗಿ ಬೇಕಿಲ್ಲ, ಸಿಟ್ಟಿಗೆ ಬೇಕು. 

ಮೂರನೆಯ ಹಂತ: ಸಾಹಿತ್ಯವನ್ನು ಗದ್ಯಕ್ಕೆ ಇಳಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ಸಮಯವಿದೆ ಎನ್ನುವವರು ಇದನ್ನು ಮಾಡಿ. ಹಾಡಿನ ಸಾಹಿತ್ಯವನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಮರಾಠಿಯಾದರೆ ನೆರೆಯ ವಹಿನಿಯವರನ್ನೋ ಆಫೀಸಿನ ಗೆಳೆಯರನ್ನೋ ಕೇಳಿ ಅರ್ಥ ಮಾಡಿಕೊಳ್ಳಿ. ಹೀಗೆ ಕೇಳಿದರೆ ಅವರೂ ಖುಷಿಯಿಂದ ಹೇಳುತ್ತಾರೆ, ಎಷ್ಟೋ ಸಲ ಅವರಿಗೂ ಒಂದೆರಡು ಸಾಲು ಗೊತ್ತಿರುವುದಿಲ್ಲ. ಬಳಿಕ ಪ್ರತಿ ಸಾಲನ್ನೂ ಪ್ರಾಸ, ಉಪಮೆ, ಪುನರಾವರ್ತನೆ ಬಿಟ್ಟು ಸಾದಾ ಕನ್ನಡದಲ್ಲಿ, ನ್ಯಾಯಾಲಯದ ಹೇಳಿಕೆಯಷ್ಟು ಒಣದಾಗಿ ಬರೆಯಿರಿ. ಅದನ್ನು ರಾಗವಿಲ್ಲದೆ ಗಟ್ಟಿಯಾಗಿ ಓದಿ.

ಉದಾಹರಣೆಗೆ ಸಿನಿಮಾ ಹಾಡಿನ ಧಾಟಿಯಲ್ಲಿ ಇಲ್ಲಿಗೆಂದೇ ಕಟ್ಟಿದ ಎರಡು ಸಾಲು:

ಒಲ್ಲೆ ಎಂದರೂ ಒಲಿವೆ ನೀ, ಬಲ್ಲೆ ನಿನ್ನ ಮನಸು
ಎಲ್ಲಿ ಹೋದರಲ್ಲಿ ಬರುವೆ, ನಿಲ್ಲದೆನ್ನ ಕನಸು

ದ್ವಿತೀಯಾಕ್ಷರದ ‘ಲ್ಲ’ ಪ್ರಾಸವೂ ಸಾಲಿನ ತುದಿಯ ‘ಮನಸು-ಕನಸು’ವೂ ಸೇರಿ ಇದು ನಾಲಿಗೆಯ ಮೇಲೆ ತಾನಾಗಿ ಹೊರಳುತ್ತದೆ. ಗದ್ಯಕ್ಕೆ ಇಳಿಸಿದರೆ ಹೀಗಾಗುತ್ತದೆ: ‘ನೀನು ಬೇಡವೆಂದು ಹೇಳಿದ್ದೀಯ. ಅದು ನಿನ್ನ ನಿಜವಾದ ಉತ್ತರವಲ್ಲ ಎಂದು ನಾನು ತೀರ್ಮಾನಿಸಿದ್ದೇನೆ. ನೀನು ಎಲ್ಲಿಗೆ ಹೋದರೂ ನಾನು ಹಿಂದೆ ಬರುತ್ತೇನೆ. ನಿಲ್ಲಿಸುವುದಿಲ್ಲ.’ ಈ ನಾಲ್ಕು ವಾಕ್ಯಗಳನ್ನು ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬಾತ ನಿಮ್ಮ ಮಗಳಿಗೆ ಹೇಳಿದ ಎಂದುಕೊಳ್ಳಿ. ಒಲ್ಲೆನೆಂದ ಹೆಣ್ಣನ್ನು ಪದೇ ಪದೇ ಹಿಂಬಾಲಿಸುವುದು 2013ರಿಂದ ಭಾರತೀಯ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಗಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿ ಅದು ಮುಂದುವರಿದಿದೆ. ಹಾಡಾಗಿ ಕೇಳಿದಾಗ ಒಲವೆನಿಸಿದ್ದು ಹೇಳಿಕೆಯಾಗಿ ಓದಿದಾಗ ದೂರು ಕೊಡುವ ಸಂಗತಿಯಾಗುತ್ತದೆ. ಇಂಥ ಹಾಡು ಕೇಳಿದವರೆಲ್ಲ ಹಿಂಬಾಲಿಸಲು ಹೊರಡುತ್ತಾರೆಂದು ಯಾರೂ ಹೇಳಲಾರರು. ಆದರೆ ‘ಬೇಡ ಎಂದರೆ ಇನ್ನೂ ಸ್ವಲ್ಪ ಪ್ರಯತ್ನಿಸು ಎಂದರ್ಥ’ ಎಂಬ ತಿಳಿವಳಿಕೆ ಎಲ್ಲಿಂದ ಬಂತೆಂದು ಹುಡುಗರನ್ನು ಕೇಳಿದರೆ ಯಾವ ಪುಸ್ತಕದ ಹೆಸರೂ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಾಸದ ಕೆಲಸವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸಿಕಾ ತೊಫೀಘ್‌ಬಕ್ಷ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಕೇಳಿರದ ನಾಣ್ಣುಡಿಗಳನ್ನು ಪ್ರಾಸವಿರುವಂತೆ ಒಂದು ರೂಪದಲ್ಲಿ, ಅರ್ಥ ಕೆಡದಂತೆ ಪ್ರಾಸ ಕಳೆದು ಇನ್ನೊಂದು ರೂಪದಲ್ಲಿ ಕೊಟ್ಟು, ಬದುಕಿನ ಬಗ್ಗೆ ಅವು ಎಷ್ಟು ನಿಜ ಎಂದು ಕೇಳಿದರು. ಪ್ರಾಸವಿದ್ದವು ಹೆಚ್ಚು ನಿಜವೆಂದು ಕಂಡವು. ನಮಗೆ ಮುಖ್ಯವಾದದ್ದು ಅದರ ಮುಂದಿನ ಭಾಗ: ಮಾತಿನ ಚೆಲುವನ್ನೂ ಅದರ ಹುರುಳನ್ನೂ ಬೇರೆ ಬೇರೆಯಾಗಿ ನೋಡಿ ಎಂದು ಮೊದಲೇ ಎಚ್ಚರಿಸಿದಾಗ ಈ ಪರಿಣಾಮ ತಗ್ಗಿತು. ಗದ್ಯಕ್ಕೆ ಇಳಿಸುವ ಈ ಅಭ್ಯಾಸ ಬರೀ ಶಿಸ್ತಿನ ಮಾತಲ್ಲ, ಅದರಿಂದ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದು ಆಧಾರ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಮೇಲೆ ಇದನ್ನು ಪ್ರಯೋಗಿಸಿ ನೋಡಬಹುದು. ‘ಮಿತವಾಗಿ ತಿನ್ನುವವರಿಗೆ ಯಾವ ಕಾಯಿಲೆಯೂ ಎಂದೂ ಬರುವುದಿಲ್ಲ’ ಎಂದು ಬರೆದೊಡನೆ, ಹಿತಮಿತವಾಗಿ ಉಂಡೂ ಕಾಯಿಲೆ ಬಿದ್ದ ನಾಲ್ಕು ಜನ ಬಂಧುಗಳು ಕಣ್ಣಮುಂದೆ ಬರುತ್ತಾರೆ. ಗಾದೆಯಲ್ಲಿ ಸತ್ಯವಿಲ್ಲವೆಂದಲ್ಲ, ಅದರ ಸಮತೂಕದ ಲಯ ಕೊಟ್ಟಷ್ಟು ಸತ್ಯವಿಲ್ಲ.

ಇದನ್ನು ಒಬ್ಬರೇ ಮಾಡುವುದಕ್ಕಿಂತ ನಾಲ್ಕೈದು ಜನ ಸೇರಿ ಮಾಡಿದರೆ ಸೊಗಸು. ಭಜನಾ ಮಂಡಳಿಗಳಲ್ಲಿ, ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿ, ಮನೆಯ ಶನಿವಾರದ ಸಂಜೆಯಲ್ಲಿ ಅರ್ಧ ಗಂಟೆ ಇದಕ್ಕೆ ಎತ್ತಿಡಬಹುದು. ಒಬ್ಬರು ಹಾಡುವುದು, ಇನ್ನೊಬ್ಬರು ಗದ್ಯದಲ್ಲಿ ಹೇಳುವುದು, ಮೂರನೆಯವರು ‘ಅದು ಹೇಗೆ?’ ಎಂದು ಕೇಳುವುದು. ಮೂರನೆಯ ಕೆಲಸಕ್ಕೆ ಹಾಡನ್ನು ಅತಿಯಾಗಿ ಮೆಚ್ಚಿದವರನ್ನೇ ಕೂರಿಸಿ. ಮೆಚ್ಚದವರು ಕೇಳುವ ಪ್ರಶ್ನೆಗೆ ಮೊನಚು ಕಡಿಮೆ. ದಾಸರ ಪದ, ವಚನ, ತತ್ತ್ವಪದಗಳೂ ಈ ಪರೀಕ್ಷೆಗೆ ಹೊರತಲ್ಲ. ಅವುಗಳಲ್ಲಿ ಬಹುಪಾಲು ಗದ್ಯಕ್ಕೆ ಇಳಿದ ಮೇಲೂ ಗಟ್ಟಿಯಾಗಿ ನಿಲ್ಲುತ್ತವೆ, ಕೆಲವು ಸಾಲುಗಳು, ಅದರಲ್ಲೂ ಹೆಂಗಸರ ಬಗ್ಗೆ ಇರುವ ಕೆಲವು, ನಿಲ್ಲುವುದಿಲ್ಲ. ಎರಡನ್ನೂ ಹೇಳುವ ಧೈರ್ಯ ಆ ಕೂಟಕ್ಕೆ ಇರಬೇಕು.

ನಾಲ್ಕನೆಯ ಹಂತ: ಹಾಡು ಯಾವ ಪಕ್ಷದ ವಕೀಲ ಎಂದು ಕೇಳಿ

ಕೆಲವು ಹಾಡುಗಳು ಒಂದು ಪಕ್ಷ ವಹಿಸಿ ವಾದಿಸುವುದಕ್ಕೆಂದೇ ಹುಟ್ಟಿದವು. ಈ ಕಲೆಗೆ ಮುಂಬಯಿ, ಪುಣೆಗಳಲ್ಲಿ ಹಳೆಯ ಬೇರುಗಳಿವೆ. ಲೋಕಮಾನ್ಯ ತಿಲಕರು 1890ರ ದಶಕದಲ್ಲಿ ಗಣೇಶೋತ್ಸವವನ್ನು ಸಾರ್ವಜನಿಕಗೊಳಿಸಿದಾಗ ಮೇಳಗಳು ಬೀದಿ ಬೀದಿಯಲ್ಲಿ ಹಾಡಿದ ಪದಗಳಲ್ಲಿ ಭಕ್ತಿಯ ಜೊತೆ ರಾಜಕೀಯವೂ ಇತ್ತು. ಅಂಬೇಡ್ಕರರ ಪುಣ್ಯತಿಥಿಯಾದ ಡಿಸೆಂಬರ್ 6ರಂದು ದಾದರಿನಲ್ಲಿರುವ ಅವರ ಸ್ಮಾರಕ ಚೈತ್ಯಭೂಮಿಯ ಸುತ್ತ ಕೇಳುವ ಭೀಮಗೀತೆಗಳು ಓದು ಬರಹ ಸಿಗದ ತಲೆಮಾರುಗಳಿಗೆ ಅಂಬೇಡ್ಕರರ ವಿಚಾರವನ್ನು ತಲುಪಿಸಿದವು, ಪುಸ್ತಕ ಹೋಗಲಾರದ ವಸ್ತಿಗಳಿಗೆ ಸ್ವಾಭಿಮಾನವನ್ನು ಒಯ್ದವು. ವಾದಿಸುವ ಹಾಡೆಲ್ಲ ಮೋಸವೆಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಇಲ್ಲಿನ ಕನ್ನಡಿಗರಿಗೆ ಈ ಹಂತದ ನಿಜವಾದ ಪರೀಕ್ಷೆ ಬೆಳಗಾವಿಯ ವಿಷಯದಲ್ಲಿ ಎದುರಾಗುತ್ತದೆ. 1950ರ ದಶಕದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅಮರ ಶೇಖ್, ಅಣ್ಣಾಭಾವು ಸಾಠೆ, ಗವಾಣಕರ್ ಮೊದಲಾದ ಶಾಹಿರರ, ಎಂದರೆ ಜನರ ನಡುವೆ ನಿಂತು ಹಾಡುವ ಮರಾಠಿ ಕವಿಗಳ, ಹಾಡುಗಳಿಗೆ ಗಿರಣಿ ಕಾರ್ಮಿಕರ ಸಭೆಗಳು ತುಂಬಿ ತುಳುಕುತ್ತಿದ್ದವು. ಸಾಠೆಯವರ ಪ್ರಸಿದ್ಧ ಛಕ್ಕಡ (ಮರಾಠಿ ಜಾನಪದ ಧಾಟಿಯ ಹಾಡು) ಒಂದರಲ್ಲಿ ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ಮುಂಬಯಿಗೆ ದುಡಿಯಲು ಬಂದವನ ವಿರಹ ಮೊದಲು ಬರುತ್ತದೆ. ಕೇಳುವವರ ಕಣ್ಣು ತುಂಬಿದ ಮೇಲೆ ಆ ವಿರಹವೇ ಬೆಳಗಾವಿ, ಕಾರವಾರಗಳು ತಮ್ಮಿಂದ ಅಗಲಿವೆ ಎಂಬ ನಾಡಿನ ಅಳಲಾಗಿ ಹೊರಳುತ್ತದೆ. ಉಡುಪಿ ಹೋಟೆಲಿನಲ್ಲಿ ದುಡಿಯಲು ಹೆಂಡತಿ ಮಕ್ಕಳನ್ನು ಕುಂದಾಪುರದ ಕಡೆ ಬಿಟ್ಟು ಬಂದ ಕನ್ನಡಿಗನಿಗೆ ಹಾಡಿನ ಮೊದಲರ್ಧ ತನ್ನದೇ ಕಥೆ. ಕಣ್ಣೀರು ನಿಜವಾದದ್ದು. ಆದರೆ ಆ ಕಣ್ಣೀರು ಬಂದದ್ದು ಹೆಂಡತಿಯ ಅಗಲಿಕೆಗೆ, ಕಾರವಾರ ಯಾವ ರಾಜ್ಯಕ್ಕೆ ಸೇರಬೇಕೆಂಬ ಪ್ರಶ್ನೆಗಲ್ಲ. ಒಂದು ಕಡೆ ಹುಟ್ಟಿದ ಭಾವನೆಯನ್ನು ಇನ್ನೊಂದು ವಾದದ ಖಾತೆಗೆ ಜಮಾ ಮಾಡುವ ಈ ಕೌಶಲವನ್ನು ಗುರುತಿಸಲು ಕಲಿತರೆ ಹಾಡನ್ನು ಮೆಚ್ಚುವುದಕ್ಕೂ ಅಡ್ಡಿಯಿಲ್ಲ, ಅದರ ವಾದವನ್ನು ಒಪ್ಪದಿರುವುದಕ್ಕೂ ಅಡ್ಡಿಯಿಲ್ಲ.

ಎದುರು ಪಕ್ಷದ ಹಾಡನ್ನು ಹೀಗೆ ಬಿಡಿಸಿ ನೋಡುವುದು ಸುಲಭ. ನಮ್ಮದನ್ನು ನೋಡುವುದು ಕಷ್ಟ. 1924ರಲ್ಲಿ ಅದೇ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಏಕೀಕರಣದ ದಶಕಗಳ ಉದ್ದಕ್ಕೂ ಅದು ಕನ್ನಡಿಗರ ಎದೆಯನ್ನು ಕಟ್ಟಿತು. ರಾಜ್ಯೋತ್ಸವದ ದಿನ ಮಾಟುಂಗದ ಸಭಾಗೃಹದಲ್ಲಿ ಅದನ್ನು ಹಾಡುವಾಗ ನಮಗೆ ನಿಲ್ಲುವ ರೋಮವೂ ಶಾಹಿರನ ಹಾಡಿಗೆ ಮರಾಠಿ ಗೆಳೆಯನಿಗೆ ನಿಲ್ಲುವ ರೋಮವೂ ಒಂದೇ ಜಾತಿಯವು. ಎರಡೂ ಏಕಕಾಲಕ್ಕೆ ಬೆಳಗಾವಿಯ ಒಡೆತನಕ್ಕೆ ಪುರಾವೆಯಾಗಲಾರವು. ಪುರಾವೆ ಬೇಕಾದರೆ ಜನಗಣತಿ, ಆಯೋಗಗಳ ವರದಿ, ಆಡಳಿತದ ಅನುಕೂಲ, ಅಲ್ಲಿ ಬದುಕುವವರ ಅಭಿಪ್ರಾಯ ಇವುಗಳ ಬಳಿಗೆ ಹೋಗಬೇಕು. ಆದ್ದರಿಂದ ಈ ಹಂತದ ಅಭ್ಯಾಸ ಹೀಗಿರಲಿ: ನಿಮ್ಮ ಪಕ್ಷದ ಒಂದು ಹಾಡು, ಎದುರು ಪಕ್ಷದ ಒಂದು ಹಾಡು ಆರಿಸಿ, ಎರಡನ್ನೂ ಗದ್ಯಕ್ಕೆ ಇಳಿಸಿ, ಎರಡಕ್ಕೂ ಒಂದೇ ಪ್ರಶ್ನೆಗಳನ್ನು ಕೇಳಿ. ಇದನ್ನು ಹೇಳುತ್ತಿರುವುದು ಯಾರು, ಯಾರಿಗೆ, ಏನು ಮಾಡಿಸುವುದಕ್ಕಾಗಿ, ಹಾಡಿನಲ್ಲಿ ಹೇಳದೆ ಬಿಟ್ಟದ್ದು ಏನು? ಚುನಾವಣೆಯ ಪ್ರಚಾರದ ಹಾಡಿಗೂ ಜಾಹೀರಾತಿನ ಹಾಡಿಗೂ ಇವೇ ಪ್ರಶ್ನೆಗಳು ಸಾಕು. ಇನ್ನೊಂದು ಧರ್ಮದವರನ್ನೋ ಜಾತಿಯವರನ್ನೋ ಹೀನಾಯವಾಗಿ ಕಾಣುವ ಸಾಲು ಬಂದಲ್ಲಿ ಮಾತ್ರ ಇಷ್ಟು ತಾಳ್ಮೆ ಬೇಕಿಲ್ಲ, ಅದನ್ನು ನಿಲ್ಲಿಸಿಬಿಡಿ, ಯಾರಿಗೂ ಕಳಿಸಬೇಡಿ.

ಐದನೆಯ ಹಂತ: ಮನೆಯ ಮಕ್ಕಳೊಂದಿಗೆ

ಮಕ್ಕಳ ಹಾಡನ್ನು ನಿಷೇಧಿಸಿದರೆ ಇಯರ್‌ಫೋನ್ ಬಂದು ಕೂರುತ್ತದೆ, ಅಷ್ಟೇ. ಕೇಳುವುದು ಒಳ್ಳೆಯದು. ‘ಮಗಾ, ಈ ಹಾಡಿನಲ್ಲಿ ಅವನು ಏನು ಹೇಳ್ತಾ ಇದ್ದಾನೆ?’ ‘ಗೊತ್ತಿಲ್ಲ ಅಮ್ಮ, ಬೀಟ್ ಚೆನ್ನಾಗಿದೆ.’ ‘ಸರಿ, ಒಂದು ಸಾಲು ಕನ್ನಡದಲ್ಲಿ ಹೇಳು ನೋಡೋಣ.’ ಇಷ್ಟೇ ಸಾಕು. ಇದಾದ ಮೇಲೆ ಉಪದೇಶ ಬೇಡ, ಒಣ ಕನ್ನಡದಲ್ಲಿ ಆ ಸಾಲನ್ನು ಹೇಳುವಾಗ ಹುಡುಗನ ಮುಖದಲ್ಲಿ ಮೂಡುವ ಮುಜುಗರವೇ ಕೆಲಸ ಮಾಡುತ್ತದೆ.

ಸಾಹಿತ್ಯದ ಪರಿಣಾಮ ಎರಡೂ ದಿಕ್ಕಿನದು. ಕ್ರೇಗ್ ಆ್ಯಂಡರ್ಸನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಿಂಸೆಯ ಸಾಹಿತ್ಯವಿರುವ ಹಾಡು ಕೇಳಿದ ವಿದ್ಯಾರ್ಥಿಗಳಲ್ಲಿ ಸಿಟ್ಟಿನ ಭಾವನೆ, ಆಕ್ರಮಣದ ಯೋಚನೆ ಹೆಚ್ಚಿದವು. 2009ರಲ್ಲಿ ಟೋಬಿಯಾಸ್ ಗ್ರೈಟೆಮೆಯರ್ ಪರರಿಗೆ ನೆರವಾಗುವ ಸಾಹಿತ್ಯವನ್ನು ಕೇಳಿಸಿದಾಗ ಅನುಕಂಪ ಮತ್ತು ನೆರವಿನ ನಡವಳಿಕೆ ಹೆಚ್ಚಿದವು. ಎರಡರಲ್ಲೂ ಅಳೆದದ್ದು ಕೇಳಿದ ಕೂಡಲೇ ಆಗುವ ಪರಿಣಾಮವನ್ನು. ಒಂದು ಹಾಡಿನಿಂದ ಮಗ ಕೆಟ್ಟ ಎನ್ನುವುದಕ್ಕೂ ಒಂದು ಪ್ರಾರ್ಥನೆಯಿಂದ ತಿದ್ದಿಕೊಂಡ ಎನ್ನುವುದಕ್ಕೂ ಇವು ಆಧಾರ ಕೊಡುವುದಿಲ್ಲ. ಹಾಡನ್ನು ಹಿಂದುಮುಂದಾಗಿ ನುಡಿಸಿದರೆ ಕೇಳುವ ಗುಪ್ತ ಸಂದೇಶ ಮಕ್ಕಳ ಮನಸ್ಸಿಗೆ ಇಳಿಯುತ್ತದೆಂಬ ಭಯವನ್ನು ಜಾನ್ ವೋಕಿ ಮತ್ತು ಡಾನ್ ರೀಡ್ 1985ರಲ್ಲೇ ಪರೀಕ್ಷಿಸಿ, ಅಂಥ ಪರಿಣಾಮ ಕಾಣಲಿಲ್ಲವೆಂದು ಬರೆದರು. ಮುಂದುಮುಖವಾಗಿ ಸ್ಪಷ್ಟವಾಗಿ ಕೇಳುವ ಸಾಲುಗಳ ಕಡೆಗೇ ನಮ್ಮ ಗಮನ ಸಾಲದೆ ಹೋಗಿರುವಾಗ ಗುಪ್ತವಾದದ್ದನ್ನು ಹುಡುಕುವ ಉತ್ಸಾಹ ಯಾಕೆ ಬೇಕು?

ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಲು ಹಾಡು ಒಳ್ಳೆಯ ದಾರಿ. ಒಂದೇ ಧಾಟಿ ಚರಣ ಚರಣಕ್ಕೂ ಮರಳಿ ಬರುವ ಹಾಡಿನ ಸಾಹಿತ್ಯ ಬರೀ ಓದಿ ಹೇಳಿದ ಸಾಹಿತ್ಯಕ್ಕಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆಂದು ವಂಡಾ ವಾಲೆಸ್ 1994ರಲ್ಲಿ ತೋರಿಸಿದ್ದಾರೆ. ರಾಜ್ಯೋತ್ಸವದ ವೇದಿಕೆಗೆ ದೇವನಾಗರಿಯಲ್ಲಿ ಬರೆದುಕೊಟ್ಟು ಉರು ಹೊಡೆಸುವಾಗ ಪಕ್ಕದಲ್ಲಿ ಅರ್ಥವನ್ನೂ ಬರೆದುಕೊಡಿ. ಅರ್ಥವಿಲ್ಲದೆ ಉರು ಹೊಡೆದದ್ದು ಎಪ್ಪತ್ತರ ವಯಸ್ಸಿನವರೆಗೂ ಹಾಗೆಯೇ ಉಳಿಯುತ್ತದೆ.

ಆರನೆಯ ಹಂತ: ದುಃಖದ ಹಾಡು, ಊರಿನ ಹಾಡು

ಇಲ್ಲಿಯವರೆಗೆ ಎಚ್ಚರದ ಮಾತಾಯಿತು, ಇನ್ನು ಬಳಕೆಯ ಮಾತು. ದಣಿದು ಬೇಸತ್ತು ರಾತ್ರಿ ಒಂಬತ್ತರ ಕಲ್ಯಾಣ ಲೋಕಲ್ ಹತ್ತಿದವರಿಗೆ ಕುಣಿಯುವ ಹಾಡು ಹಾಕಿದರೆ ಕಿರಿಕಿರಿಯೇ ಹೆಚ್ಚು. ಸಂಗೀತ ಚಿಕಿತ್ಸೆಯಲ್ಲಿ 1940ರ ದಶಕದಲ್ಲಿ ಐರಾ ಆಲ್ಟ್‌ಶೂಲರ್ ರೂಪಿಸಿದ ಕ್ರಮವೊಂದು ಇಂದಿಗೂ ಬಳಕೆಯಲ್ಲಿದೆ: ಈಗಿರುವ ಮನಃಸ್ಥಿತಿಗೆ ಹೊಂದುವ ಸಂಗೀತದಿಂದ ತೊಡಗಿ, ಬೇಕಾದ ಸ್ಥಿತಿಯ ಕಡೆಗೆ ನಿಧಾನವಾಗಿ ಸಾಗುವುದು. ಆರು ಹಾಡುಗಳ ಪಟ್ಟಿ ಮಾಡಿಕೊಳ್ಳಿ. ಮೊದಲೆರಡು ನಿಮ್ಮ ಬೇಸರದಷ್ಟೇ ಮಂದವಾಗಿರಲಿ, ಮಧ್ಯದ ಎರಡು ಸ್ವಲ್ಪ ಹಗುರವಾಗಿರಲಿ, ಕೊನೆಯ ಎರಡು ಮನೆಯ ಬಾಗಿಲು ತೆರೆಯುವಾಗ ನೀವು ಹೇಗಿರಬೇಕೆಂದು ಬಯಸುತ್ತೀರೋ ಹಾಗಿರಲಿ.

ದುಃಖದ ಹಾಡು ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಕರುಣರಸ ಯಾಕೆ ಹಿತವಾಗುತ್ತದೆಂದು ನಮ್ಮ ರಸಶಾಸ್ತ್ರಜ್ಞರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದಾರೆ. ಲಿಲಾ ತರುಫಿ ಮತ್ತು ಸ್ಟೆಫಾನ್ ಕೆಲ್ಶ್ 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲೂ ದುಃಖದ ಸಂಗೀತ ಹೆಚ್ಚಾಗಿ ಎಬ್ಬಿಸಿದ ಭಾವ ಹಳೆಯದರ ಹಂಬಲವೇ ಆಗಿತ್ತು. ಅಳು ಬಂದು ಹಗುರಾಯಿತೋ, ಅಥವಾ ಅದೇ ನೋವನ್ನು ಮತ್ತೆ ಮತ್ತೆ ಅಗಿಯುವುದಾಯಿತೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಹಾಡು ನಿಲ್ಲಿಸಿ ಇಪ್ಪತ್ತು ನಿಮಿಷದ ಮೇಲೆ ಮನಸ್ಸು ಹೇಗಿದೆಯೆಂದು ಬರೆಯಿರಿ. ಹಲವು ದಿನ ಕೆಳಗೇ ಇಳಿಯುತ್ತಿದ್ದರೆ ಹಾಡು ಬದಲಿಸುವುದು ಪರಿಹಾರವಲ್ಲ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಊರಿನ ಹಾಡಿನದು ಬೇರೆಯೇ ಪರಿಣಾಮ. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಮುಂದಿನ ಬದುಕಿನಲ್ಲಿ ಹೆಚ್ಚು ದಟ್ಟವಾಗಿ ಉಳಿಯುತ್ತವೆ, ಆ ಕಾಲದ ಹಾಡುಗಳೂ ಹಾಗೆಯೇ. ಹದಿನಾರಕ್ಕೆ ಊರು ಬಿಟ್ಟು ಬಂದವರಿಗೆ ಹಾಡು ಎಬ್ಬಿಸುವ ಊರು ಹದಿನಾರರದ್ದೇ: ಗದ್ದೆ, ಆಟದ ಮೇಳ, ತೆಪ್ಪಗೆ ಹರಿಯುವ ಹೊಳೆ. ಊಟಕ್ಕಿಲ್ಲದೆ ಬಸ್ಸು ಹತ್ತಿದ ಸಂಗತಿ ಆ ಹಾಡಿನಲ್ಲಿ ಇರುವುದಿಲ್ಲ. ಊರೇ ಸ್ವರ್ಗ, ಮುಂಬಯಿ ಬರೀ ಗದ್ದಲ ಎಂಬ ನಂಬಿಕೆಯ ಮೇಲೆ ನಿವೃತ್ತಿಯ ದುಡ್ಡೆಲ್ಲ ಹಾಕಿ ಊರಲ್ಲಿ ಮನೆ ಕಟ್ಟಿಸುವ ಮುನ್ನ, ಹಾಡಿಲ್ಲದೆ ಒಂದು ಮಳೆಗಾಲ ಅಲ್ಲಿ ಇದ್ದು ಬರುವುದು ಮೇಲು. ಡಾಕ್ಟರು ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ, ಮಾತಾಡಲು ಯಾರಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ಕೊನೆಯ ಹಂತ: ಸಂಗೀತದ ಬಗ್ಗೆಯೇ ಇರುವ ನಂಬಿಕೆಗಳು

1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಣ್ಣ ವರದಿಯೊಂದರ ಪ್ರಕಾರ ಮೊಜಾರ್ಟ್ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ನೋಡುವಂಥ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷದ ಮಟ್ಟಿಗೆ ಚೆನ್ನಾಗಿ ಮಾಡಿದ್ದರು. ಅದೇ ಮುಂದೆ ‘ಹೊಟ್ಟೆಯಲ್ಲಿರುವ ಮಗುವಿಗೆ ಕೇಳಿಸಿದರೆ ಅದು ಬುದ್ಧಿವಂತ ಮಗುವಾಗುತ್ತದೆ’ ಎಂದು ಬೆಳೆಯಿತು. 2001ರಲ್ಲಿ ಥಾಂಪ್ಸನ್, ಶೆಲೆನ್‌ಬರ್ಗ್ ಮತ್ತು ಹುಸೇನ್ ಪರೀಕ್ಷಿಸಿ ನೋಡಿದಾಗ ಆ ಲಾಭಕ್ಕೆ ಕಾರಣ ಕೇಳಿದವರ ಉಲ್ಲಾಸ ಮತ್ತು ಚುರುಕು ಎಂದು ಕಂಡಿತು. ಇಂಥ ರಾಗ ಕೇಳಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ, 432 ಹರ್ಟ್ಸ್‌ಗೆ ಶ್ರುತಿ ಮಾಡಿದ ಸಂಗೀತ ರೋಗ ಕಳೆಯುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಗೂ ಮೂರನೆಯ ಹಂತದ ಪರೀಕ್ಷೆಯೇ ಸಾಕು: ಹಿನ್ನೆಲೆಯ ತಂಬೂರಿಯನ್ನು ನಿಲ್ಲಿಸಿ, ಹೇಳಿಕೆಯನ್ನು ಒಂದು ಸಾಲಿನಲ್ಲಿ ಬರೆದು, ಅದನ್ನು ನಿಮ್ಮ ಡಾಕ್ಟರಿಗೆ ಓದಿ ಹೇಳಿ. ರಾಗ ಕೇಳುತ್ತಾ ಸಂಜೆಯ ನಡಿಗೆ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಗುಳಿಗೆಯನ್ನು ಮಾತ್ರ ಡಾಕ್ಟರು ಹೇಳದೆ ನಿಲ್ಲಿಸಬೇಡಿ.